ಕಿಮೋಥೆರಪಿ ಪಡೆಯುವವರೇ, ಜ್ವರವನ್ನು ಅಲಕ್ಷಿಸಬೇಡಿ



ನಿಮಗೆ ಅಥವಾ ನಿಮ್ಮ ಮನೆಯವರಿಗೆ ಕಿಮೋಥೆರಪಿ ಬೇಕೆಂದು ವೈದ್ಯರು ಹೇಳಿರಬಹುದು. ಈ ಔಷಧಿಯನ್ನು ಬೆಂಗಳೂರಿನ ಕಿದ್ವಾಯಿಯಂತಹ ದೊಡ್ಡ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಆದರೆ ಅದರ ಅಡ್ಡಪರಿಣಾಮಗಳು ಹೆಚ್ಚಾಗಿ ಮಾಯಸಂದ್ರದ ಮನೆಗೆ ಮರಳಿದ ಮೇಲೆಯೇ ಕಾಣುತ್ತವೆ. ಆದ್ದರಿಂದ ಆರೈಕೆ ಮಾಡುವವರೂ ಇದನ್ನು ಓದಿ ತಿಳಿಯಬೇಕು.

ಅಡ್ಡಪರಿಣಾಮ ಏಕೆ?

ಕಿಮೋಥೆರಪಿಯು ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ನಾಶಮಾಡುತ್ತದೆ. ಕ್ಯಾನ್ಸರ್ ಕೋಶಗಳು ಹಾಗೆ ಬೆಳೆಯುತ್ತವೆ. ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರ, ರಕ್ತ ಉತ್ಪತ್ತಿಯಾಗುವ ಮೂಳೆಮಜ್ಜೆಯ ಕೋಶಗಳೂ ಹಾಗೆಯೇ ಬೆಳೆಯುವುದರಿಂದ ಅವಕ್ಕೂ ಪೆಟ್ಟು ಬೀಳುತ್ತದೆ. ಅವು ಚೇತರಿಸಿಕೊಳ್ಳಲೆಂದೇ ಸಾಮಾನ್ಯವಾಗಿ 2-3 ವಾರಗಳ ಅಂತರ ಕೊಡುತ್ತಾರೆ.

ಜ್ವರ ಬಂದರೆ

ಔಷಧಿ ಪಡೆದ ಸುಮಾರು 7ರಿಂದ 14 ದಿನಗಳಲ್ಲಿ ರಕ್ತದ ಬಿಳಿಕಣಗಳು ಬಹಳ ಕಡಿಮೆಯಾಗುತ್ತವೆ. ಆಗ ಸಣ್ಣ ಸೋಂಕು ಕೂಡ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ ತರಬಹುದು. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ಚಳಿ-ನಡುಕ ಬಂದರೆ, ನಡುರಾತ್ರಿಯಾದರೂ ಕೂಡಲೇ ಆಸ್ಪತ್ರೆಗೆ ಬನ್ನಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. "ಬೆಳಗಾಗಲಿ, ನೋಡೋಣ" ಎನ್ನಬೇಡಿ. ಜ್ವರದ ಮಾತ್ರೆ ನುಂಗಿ ಮಲಗಬೇಡಿ. ಮಾತ್ರೆಯಿಂದ ಜ್ವರ ಇಳಿದರೂ ಸೋಂಕು ಒಳಗೇ ಹೆಚ್ಚುತ್ತಿರುತ್ತದೆ. ಬಂದ ತಕ್ಷಣ "ಕಿಮೋ ಆಗಿದೆ" ಎಂದು ತಿಳಿಸಿ, ಚೀಟಿ ತೋರಿಸಿ.

ಉಸಿರಾಟದ ತೊಂದರೆ, ರಕ್ತಸ್ರಾವ, ನಿಲ್ಲದ ವಾಂತಿ-ಭೇದಿ ಇದ್ದರೂ ತಡಮಾಡಬಾರದು.

ಸೋಂಕು ತಡೆಯಲು

ರೋಗಿಯೂ ಮನೆಯವರೂ ಸೋಪಿನಿಂದ ಆಗಾಗ್ಗೆ ಕೈ ತೊಳೆಯಬೇಕು. ಕೊಟ್ಟಿಗೆ ಗುಡಿಸುವುದು, ತಿಪ್ಪೆ ಎತ್ತುವುದು, ಕೊಬ್ಬರಿ ಅಟ್ಟದ ಬೂಷ್ಟು-ಧೂಳಿನಲ್ಲಿ ಕೆಲಸ ಮಾಡುವುದು ರೋಗಿಗೆ ಬೇಡ. ಜಾತ್ರೆ, ಮದುವೆಯ ಜನಸಂದಣಿ ಬೇಡ. ನೆಗಡಿ-ಕೆಮ್ಮು ಇರುವ ನೆಂಟರು ನೋಡಲು ಬರುವುದನ್ನು ಮುಂದೂಡಲಿ.

ವಾಂತಿ, ಊಟ

ವಾಂತಿ ತಡೆಯುವ ಮಾತ್ರೆಯನ್ನು ಬರೆದುಕೊಟ್ಟ ವೇಳೆಗೆ ಸರಿಯಾಗಿ ನುಂಗಿ, ವಾಂತಿ ಶುರುವಾಗಲೆಂದು ಕಾಯಬೇಡಿ. ರಾಗಿ ಗಂಜಿ, ಮೆತ್ತಗಿನ ಅನ್ನ, ಬೇಳೆ ಸಾರು, ಇಡ್ಲಿ ಇತ್ಯಾದಿಗಳನ್ನು ಬಿಸಿಯಾಗಿ ಮಾಡಿ ಸ್ವಲ್ಪ ಸ್ವಲ್ಪವಾಗಿ ಆರೇಳು ಬಾರಿ ಕೊಡಿ. ಎಳನೀರನ್ನು ಶುಚಿಯಾದ ಮಚ್ಚಿನಿಂದ ಆಗಲೇ ಕೆತ್ತಿಸಿ ಕುಡಿಯಬಹುದು, ಕೆತ್ತಿಟ್ಟದ್ದು ಬೇಡ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಬಾಯಿ ಹುಣ್ಣು

ಒಂದು ಲೋಟ ಕುದಿಸಿ ಆರಿಸಿದ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡಿಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ ಉಗಿಯಿರಿ. ಖಾರ, ಎಲೆಅಡಿಕೆ, ಹೊಗೆಸೊಪ್ಪು ಬೇಡ.

ಕೂದಲು

ಎಲ್ಲ ಔಷಧಿಗಳಿಂದಲೂ ಕೂದಲು ಉದುರುವುದಿಲ್ಲ. ಉದುರಿದರೂ ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಈ ಸಂಕೋಚದಿಂದ ಚಿಕಿತ್ಸೆ ಬಿಡಬೇಡಿ. ಮಧ್ಯದಲ್ಲಿ ನಿಲ್ಲಿಸಿದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ.

ಆರೈಕೆ ಮಾಡುವವರಿಗೆ

ಔಷಧಿಯ ಅಂಶ ಸುಮಾರು 48 ಗಂಟೆಗಳ ಕಾಲ ಮಲಮೂತ್ರ, ವಾಂತಿಯಲ್ಲಿ ಹೊರಬರುತ್ತದೆ. ಕೈಗವಸು ಹಾಕಿ ಶುಚಿಮಾಡಿ. ಗರ್ಭಿಣಿಯರು ಈ ಕೆಲಸ ಮಾಡಬಾರದು. ಕೆಂಪು ಬಣ್ಣದ ಔಷಧಿ ಪಡೆದವರಿಗೆ ಒಂದೆರಡು ದಿನ ಮೂತ್ರ ಕೆಂಪಾಗುವುದು ಸಹಜ.

ನಾಟಿ ಔಷಧಿ

ನಮ್ಮ ಅಂಗಳದ ನಿತ್ಯಪುಷ್ಪ ಗಿಡದಿಂದಲೇ ವಿನ್‌ಕ್ರಿಸ್ಟೀನ್ ಎಂಬ ಕಿಮೋ ಔಷಧಿ ತಯಾರಾಗುತ್ತದೆ. ಹಾಗೆಂದು ಆ ಗಿಡದ ಕಷಾಯ ಕುಡಿಯುವುದು ವಿಷಕ್ಕೆ ಸಮಾನ. ಯಾವುದೇ ಸೊಪ್ಪು, ಬೇರು, ಪುಡಿ ಸೇವಿಸುವ ಮೊದಲು ವೈದ್ಯರಿಗೆ ತಿಳಿಸಿ.

ಖರ್ಚಿನ ಚಿಂತೆ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಹಣವಿಲ್ಲವೆಂದು ಮನೆಯಲ್ಲಿ ಉಳಿಯಬೇಡಿ, ಬಂದು ಕೇಳಿ.

ಅಡ್ಡಪರಿಣಾಮಗಳು ಬಹುತೇಕ ತಾತ್ಕಾಲಿಕ. ಧೈರ್ಯವಾಗಿರಿ. ಜ್ವರದ ಮಾತನ್ನು ಮಾತ್ರ ಮನೆಮಂದಿಯೆಲ್ಲ ನೆನಪಿಡಿ.