ಹೆಸರು ಯಾವ ಲಿಪಿಯದು? ಗಡಿನಾಡ ಶಾಲೆಯ ದಾಖಲಾತಿಯಿಂದ ರಿಕ್ವೈರ್‌ಮೆಂಟ್ ವಿಶ್ಲೇಷಣೆ ಕಲಿಯುವುದು

ಸಾಫ್ಟ್‌ವೇರ್ ಕಲಿಯಲು ಹೊರಟವರು ನೇರವಾಗಿ ಕೋಡಿಂಗ್‌ಗೆ ಕೈ ಹಾಕ್ತಾರೆ. ಅದಕ್ಕೂ ಮೊದಲು ಎರಡು ಕೆಲಸಗಳಿವೆ. ಏನು ಬೇಕು ಎಂದು ಕೇಳಿ ತಿಳಿಯುವುದು ರಿಕ್ವೈರ್‌ಮೆಂಟ್ ವಿಶ್ಲೇಷಣೆ. ಅದನ್ನು ಹೇಗೆ ಕಟ್ಟಬೇಕೆಂದು ತೀರ್ಮಾನಿಸುವುದು ಸಿಸ್ಟಮ್ ಡಿಸೈನ್. ಮೊದಲನೆಯದರಲ್ಲಿ ಕೇಳದೆ ಬಿಟ್ಟ ಒಂದು ಪ್ರಶ್ನೆ ಎರಡನೆಯದನ್ನು ಹೇಗೆ ಕೆಡಿಸುತ್ತದೆ ಅನ್ನೋದನ್ನ ಗಡಿನಾಡ ಕನ್ನಡ ಶಾಲೆಯ ದಾಖಲಾತಿ ಪುಸ್ತಕದ ಉದಾಹರಣೆಯಿಂದ ನೋಡೋಣ.

ಈ ಪುಸ್ತಕವನ್ನು ಕಂಪ್ಯೂಟರಿಗೆ ತರಬೇಕು ಎಂದುಕೊಳ್ಳಿ. ‘ವಿದ್ಯಾರ್ಥಿಯ ಹೆಸರು’ ಅಂತ ಒಂದು ಕಾಲಂ ಹಾಕಿ ಮುಂದೆ ಹೋಗ್ತೇವೆ. ಯಾವ ಲಿಪಿಯಲ್ಲಿ ಎಂದು ಕೇಳುವುದಿಲ್ಲ. ಕಷ್ಟ ಶುರುವಾಗುವುದು ಇಲ್ಲೇ.

ತಾಳವಾಡಿಯನ್ನು ತೆಗೆದುಕೊಳ್ಳಿ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ‘ಗೌರಿ’ಯನ್ನು ತಮಿಳಿನಲ್ಲಿ ಮಾತ್ರ ಉಳಿಸಿ, ಮತ್ತೆ ಕನ್ನಡಕ್ಕೆ ತಿರುಗಿಸಿದರೆ ‘ಕೌರಿ’ ಬರಬಹುದು. ಅಕ್ಕಲಕೋಟೆ, ಜತ್ತದ ಕಡೆ ಬೇರೆ ತೊಂದರೆ: ಮರಾಠಿ ಬರವಣಿಗೆಯಲ್ಲಿ ಒ–ಓ ವ್ಯತ್ಯಾಸ ತೋರಿಸುವುದಿಲ್ಲ, ‘ಹೊಸಮನಿ’ ಹೋಗಿ ‘ಹೋಸಮನಿ’ ಆಗಿ ಹಿಂದಿರುಗುತ್ತದೆ. ಕಾಸರಗೋಡಿನ ಮಲಯಾಳಂ, ಮಡಕಶಿರಾದ ತೆಲುಗು ಲಿಪಿಗಳಲ್ಲಿ ಈ ಎರಡೂ ವ್ಯತ್ಯಾಸಗಳಿಗೆ ಅಕ್ಷರಗಳಿವೆ. ಆದರೂ ನಡುವೆ ಇಂಗ್ಲಿಷ್ ಬಂದರೆ ‘ಕಲಾ’, ‘ಕಾಳ’ ಒಂದೇ ಆಗಿಬಿಡುತ್ತವೆ. ಹೀಗೆ ಕಳೆದುಹೋದದ್ದನ್ನು ಯಾವ ಪ್ರೋಗ್ರಾಮ್ ಕೂಡ ಖಚಿತವಾಗಿ ಮರಳಿ ತರಲಾರದು. ಟಿ.ಸಿ.ಯಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರಾದರೆ ಕಚೇರಿ ಅಲೆಯುವವರು ಮಗುವಿನ ತಂದೆತಾಯಿ.

ಹಾಗಾಗಿ ಯಾರನ್ನು ಕೇಳಬೇಕು? ಕೆಲಸ ಒಪ್ಪಿಸಿದ ಅಧಿಕಾರಿಯನ್ನು ಮಾತ್ರ ಅಲ್ಲ. ಬರೆಯುವ ಗುಮಾಸ್ತರು, ಮುಖ್ಯೋಪಾಧ್ಯಾಯರು, ಪಾಲಕರು ಎಲ್ಲರನ್ನೂ. ಹಳೆಯ ಪುಸ್ತಕವನ್ನೂ ಬಿಡಿಸಿ ನೋಡಬೇಕು. ಯಾರೂ ಬಾಯಿಬಿಟ್ಟು ಹೇಳದ ಅಗತ್ಯ ಅಲ್ಲಿ ಸಿಗುತ್ತದೆ.

ಕೇಳಿದ್ದನ್ನು ಪರೀಕ್ಷಿಸಲು ಬರುವಂತೆ ಬರೆಯಬೇಕು. ‘ಕನ್ನಡ ಚೆನ್ನಾಗಿ ಬರಬೇಕು’ ಎಂದರೆ ಸಾಲದು. ‘ಪಾಲಕರು ಕೊಟ್ಟ ಲಿಪಿಯಲ್ಲೇ ಹೆಸರು ಉಳಿಯಬೇಕು, ಗೌರಿ ಎಂದು ದಾಖಲಿಸಿದರೆ ಪ್ರಿಂಟಿನಲ್ಲೂ ಗೌರಿ ಎಂದೇ ಬರಬೇಕು’ ಎಂದು ಬರೆದರೆ ಯಾರು ಬೇಕಾದರೂ ಪರೀಕ್ಷಿಸಬಹುದು.

ಈಗ ಡಿಸೈನ್ ತಾನಾಗಿ ಬದಲಾಗುತ್ತದೆ. ವಿದ್ಯಾರ್ಥಿಯನ್ನು ಗುರುತಿಸುವುದು ದಾಖಲಾತಿ ಸಂಖ್ಯೆ, ಹೆಸರಲ್ಲ. ಹೆಸರುಗಳಿಗೆ ಪ್ರತ್ಯೇಕ ಟೇಬಲ್: ದಾಖಲಾತಿ ಸಂಖ್ಯೆ, ಲಿಪಿ, ಬರೆದ ರೂಪ, ಅದು ಮೂಲವೋ ಲಿಪ್ಯಂತರವೋ. ಹುಡುಕುವಾಗ ಯಾವ ರೂಪ ಕೊಟ್ಟರೂ ಅದೇ ಮಗು ಸಿಗಬೇಕು. ತಾಂತ್ರಿಕವಾಗಿ ಇದರಲ್ಲಿ ಕಷ್ಟವೇನಿಲ್ಲ. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಇದೆ.

ತಪ್ಪು ತಡವಾಗಿ ಸಿಕ್ಕಷ್ಟೂ ತಿದ್ದುವ ವೆಚ್ಚ ಏರುತ್ತದೆ ಎಂದು ಬ್ಯಾರಿ ಬೋಹೆಮ್ 1981ರಲ್ಲೇ ವಿವರಿಸಿದ್ದರು. ನಮ್ಮ ಉದಾಹರಣೆಯಲ್ಲಿ ಮೊದಲ ದಿನ ಬೇಕಾದದ್ದು ಒಂದು ಪ್ರಶ್ನೆ, ಒಂದು ಟೇಬಲ್. ಹತ್ತು ವರ್ಷ ಬಿಟ್ಟು ತಿದ್ದಲು ಹೊರಟರೆ ಪ್ರತಿ ಮನೆಯ ಬಾಗಿಲು ತಟ್ಟಬೇಕು. ನಿಮ್ಮ ಪ್ರಾಜೆಕ್ಟ್‌ಗಳಲ್ಲಿ ಇಂಥ ಯಾವ ಪ್ರಶ್ನೆ ಉಳಿದಿದೆ ಅಂತ ಒಮ್ಮೆ ನೋಡಿ; ಚರ್ಚೆಯಲ್ಲಿ ಹೇಳಿ.