ಹಳೆಯ ಮೋಟಾರಿಗೆ ಹೊಸ ಬಣ್ಣ

ಕುರ್ಲಾದ ಕಾರ್ಖಾನೆಯಲ್ಲಿ ಜನ್ಮ ತಳೆದ ಪ್ರೀಮಿಯರ್ ಪದ್ಮಿನಿಯು 2023ರ ಅಕ್ಟೋಬರದಲ್ಲಿ ಮುಂಬಯಿಯ ಟ್ಯಾಕ್ಸಿ ಸೇವೆಯಿಂದ ನಿವೃತ್ತವಾಯಿತು. ಆದರೂ ಅದನ್ನು ಸ್ವಂತಕ್ಕಿರಿಸಿಕೊಂಡು ಸಿಂಗರಿಸಬಯಸುವ ಬಂಧುಗಳು ವಾಗ್ಳೆ ಎಸ್ಟೇಟಿನಲ್ಲಿಯೂ ಇರುವರು. ಅವರಿಗೆ ನಮ್ಮ ಹಿತವಚನವಿಷ್ಟೆ: ಬಣ್ಣವನ್ನು ಕಣ್ಣಿನಿಂದ ಮಾತ್ರವಲ್ಲ, ಕಿಸೆಯಿಂದಲೂ ಆರಿಸಬೇಕು.

ಹೊಳಪಿಲ್ಲದ ಮ್ಯಾಟ್ ಲೇಪನವು ಗಂಭೀರವಾಗಿ ಕಂಡರೂ ಅದರ ಮೇಲಿನ ಗೀರನ್ನು ಪಾಲಿಶಿನಿಂದ ಅಳಿಸಲಾಗದು. ತಿಕ್ಕಿದಲ್ಲಿ ಹೊಳಪು ಮೂಡಿ ಕಲೆಯಂತೆ ನಿಲ್ಲುವುದು. ಮೆಟಾಲಿಕ್ ಬಣ್ಣವು ಮೋಹಕವಾದುದು; ಆದರೆ ಒಂದೆಡೆ ತೇಪೆ ಹಚ್ಚಿದರೆ ಛಾಯೆ ಕೂಡುವುದು ಕಷ್ಟ. ಇಕ್ಕಟ್ಟಾದ ಓಣಿಯಲ್ಲಿ ವಾಹನ ನಿಲ್ಲಿಸುವ ನಮ್ಮಂಥವರಿಗೆ ಹೊಳಪುಳ್ಳ ಸಾದಾ ಬಣ್ಣವೇ ಲೇಸು.

ಮೊದಲು ತುಕ್ಕನ್ನು ಪೂರ್ತಿ ಕೆರೆದು ಪ್ರೈಮರ್ ಹಚ್ಚಿಸಬೇಕು. ಮಳೆಗಾಲದ ತೇವದಲ್ಲಿ ಈ ಕೆಲಸ ಬೇಡ. ಬಣ್ಣವನ್ನೇ ಬದಲಿಸುವುದಾದರೆ ಆರ್.ಟಿ.ಓ. ಕಚೇರಿಯ ಮೂಲಕ ನೋಂದಣಿ ಪತ್ರದಲ್ಲಿಯೂ ಬದಲಾಯಿಸಿಕೊಳ್ಳುವುದು ಅವಶ್ಯ. ತಿಂಗಳುಗಟ್ಟಲೆ ಕೂಡಿಟ್ಟ ಹಣವು ಒಂದೇ ಮಳೆಗಾಲಕ್ಕೆ ಉದುರಿಹೋಗದಿರಲಿ.