ಮಗುವಿಗೆ ಏನು ಹೆಸರಿಟ್ಟಿರಿ?

ಸಹೋದರಿಯರೇ, ನಿಮ್ಮ ಮನೆಯಲ್ಲಿ ಈಚೆಗೆ ಮಗು ಹುಟ್ಟಿದೆಯೇ? ಹಾಗಿದ್ದರೆ ಹೆಸರಿನ ಜಗಳ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ದಾದಿಗೆ ತಮ್ಮ ಮಾವನವರ ಹೆಸರು ಬೇಕು. ಫುಪ್ಪುವಿಗೆ ಸೀರಿಯಲ್ಲಿನ ಹೆಸರು ಬೇಕು. ಬಾಣಂತಿಗೆ ಮೊಬೈಲಿನಲ್ಲಿ ಸಿಕ್ಕ ಹೆಸರು ಬೇಕು. ಮಗುವಿನ ತಂದೆ ಮಾತ್ರ ಅಂಗಳದಲ್ಲಿ ಸುಮ್ಮನೆ ಕುಳಿತಿರುತ್ತಾನೆ!

ಬೀದರ್, ಭಾಲ್ಕಿ, ಔರಾದ್ ಕಡೆಯ ಹಿರಿಯರ ಹೆಸರುಗಳನ್ನು ನೆನಪಿಸಿಕೊಳ್ಳಿ. ಖಾಜಾ ಮಿಯಾ, ಖಾಜಾಬಿ, ಬಂದೇನವಾಜ್, ಮಹೆಬೂಬ್, ಉಸ್ಮಾನ್. ಅವುಗಳಲ್ಲಿ ಈ ನೆಲದ ಚರಿತ್ರೆಯೇ ಇದೆ. 1422ರಲ್ಲಿ ಗುಲ್ಬರ್ಗಾದಲ್ಲಿ ನಿಧನರಾದ ಖಾಜಾ ಬಂದೇನವಾಜರ ಹೆಸರು ಮನೆಮನೆಗೂ ಬಂತು. ಉಸ್ಮಾನ್ ಎಂಬುದು ಮೂರನೇ ಖಲೀಫರ ಹೆಸರು. 1948ರವರೆಗೆ ಬೀದರನ್ನು ಆಳಿದ ಕೊನೆಯ ನಿಜಾಮರದೂ ಅದೇ ಹೆಸರು. ಈಗಿನ ಅಂಗನವಾಡಿಗಳಲ್ಲಿ ಕೇಳಿಬರುವುದು ಇನಾಯಾ, ಜೋಯಾ, ಆಯತ್, ಅನಾಬಿಯಾ, ರಯ್ಯಾನ್.

ಇದು ನಮ್ಮಲ್ಲಿ ಮಾತ್ರ ಇರುವ ಹುಚ್ಚಲ್ಲ. ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಚಿಕ್ಕ ನಾಡಿದೆ. ಡಿಲನ್, ಮೆಗನ್ ಎಂಬ ಅಲ್ಲಿನ ಹೆಸರುಗಳನ್ನು ಆ ಭಾಷೆಯ ಗಂಧವೇ ಇಲ್ಲದ ಇಂಗ್ಲೆಂಡ್, ಅಮೆರಿಕದ ತಾಯಂದಿರೂ ತಮ್ಮ ಮಕ್ಕಳಿಗೆ ಇಡುತ್ತಾರೆ. ಚಿಕ್ಕ ಹೆಸರು, ಕಿವಿಗೆ ಇಂಪು, ಅಷ್ಟೇ ಸಾಕು. ಡಿಲನ್ ಹಳೆಯ ಕಥೆಯೊಂದರ ಕಡಲಿನ ಮಗು. ಮೆಗನ್ ಎಂಬುದು ಮಾರ್ಗರೆಟ್ ಹೆಸರಿನ ಮುದ್ದಿನ ರೂಪ, ಅರ್ಥ ಮುತ್ತು. ನಮ್ಮ ಗೌಹರ್, ದುರ್ದಾನಾ ಎಂದರೂ ಮುತ್ತೇ. ಆದರೆ ಅವನ್ನು ಹಳೆಯ ಹೆಸರೆಂದು ನಾವು ಮೂಲೆಗೆ ತಳ್ಳಿದ್ದೇವೆ.

ಹೊಸ ಹೆಸರುಗಳೆಲ್ಲ ತಪ್ಪೆಂದು ನಾನು ಹೇಳುವುದಿಲ್ಲ. ಇನಾಯಾ ಎಂದರೆ ಕಾಳಜಿ. ರಯ್ಯಾನ್ ಎಂಬುದು ಉಪವಾಸಿಗರು ಪ್ರವೇಶಿಸುವ ಸ್ವರ್ಗದ ಬಾಗಿಲು. ಜೋಯಾ ಅರಬಿಯೂ ಅಲ್ಲ, ಉರ್ದುವೂ ಅಲ್ಲ. ಗ್ರೀಕ್ ಮೂಲದ ಈ ಹೆಸರು ರಶ್ಯದಲ್ಲಿ ಬಳಕೆಯಲ್ಲಿದೆ, ಅರ್ಥ ಜೀವನ. ಅರ್ಥ ಒಳ್ಳೆಯದಿರುವಾಗ ಆಕ್ಷೇಪಿಸಲು ಏನಿದೆ? ಆದರೆ ಅನಾಬಿಯಾ ಎಂದರೆ 'ಸ್ವರ್ಗದ ಬಾಗಿಲು' ಎಂದು ಮೊಬೈಲ್ ಹೇಳುತ್ತದೆ. ಅರಬಿ ನಿಘಂಟಿನಲ್ಲಿ ಹುಡುಕಿದರೆ ಆ ಅರ್ಥ ಸಿಗುವುದಿಲ್ಲ.

ಅರ್ಥ ಕೆಟ್ಟದಾಗಿದ್ದರೆ ಪ್ರವಾದಿವರ್ಯರು(ಸ) ಹೆಸರನ್ನೇ ಬದಲಿಸುತ್ತಿದ್ದರು. ಹ. ಉಮರ್(ರ)ರ ಪುತ್ರಿಯ ಹೆಸರು ಆಸಿಯಾ ಎಂದಿತ್ತು. 'ಅವಿಧೇಯೆ' ಎಂಬುದು ಅದರ ಅರ್ಥ. ಪ್ರವಾದಿವರ್ಯರು(ಸ) ಅದನ್ನು ಜಮೀಲಾ ಎಂದು ಬದಲಿಸಿದರು. 'ಹಾಗಾದರೆ ಫಿರ್‌ಔನನ ಪತ್ನಿಯ ಹೆಸರೂ ಆಸಿಯಾ ಅಲ್ಲವೇ?' ಎಂದು ನೀವು ಕೇಳಬಹುದು. ಆ ಪುಣ್ಯವತಿಯ ಹೆಸರಿನಲ್ಲಿರುವುದು ಅಲಿಫ್ ಮತ್ತು ಸೀನ್. ಈ ಹೆಸರಿನಲ್ಲಿದ್ದುದು ಐನ್ ಮತ್ತು ಸ್ವಾದ್. ಕನ್ನಡದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಹೆಸರನ್ನು ಮೊದಲು ಅರಬಿಯಲ್ಲೋ ಉರ್ದುವಿನಲ್ಲೋ ಬರೆಸಿಕೊಂಡು, ತಿಳಿದವರಲ್ಲಿ ಅರ್ಥ ಕೇಳಿ.

ಇನ್ನು ಕಾಗದದ ಮಾತು. ನಮ್ಮ ಜಿಲ್ಲೆಯಲ್ಲಿ ಮನೆಯ ಮಾತು ಉರ್ದು, ಕಚೇರಿಯದು ಕನ್ನಡ, ಔರಾದ್ ಕಡೆ ಮರಾಠಿಯೂ ಸೇರುತ್ತದೆ, ಕಂಪ್ಯೂಟರಿಗೆ ಇಂಗ್ಲಿಷ್ ಬೇಕು. ಒಬ್ಬನೇ ಹುಡುಗ ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮೊಹ್ಮದ್, ಮತ್ತೊಂದು ಕಡೆ ಬರೀ 'ಎಂಡಿ'. ಅಬ್ದುಲ್ ಖಾದಿರ್ ಶಾಲೆಯಲ್ಲಿ ಬರೀ ಅಬ್ದುಲ್ ಆಗುತ್ತಾನೆ. ಅಬ್ದ್ ಎಂದರೆ ದಾಸ. ಯಾರ ದಾಸ ಎಂಬುದೇ ಬಿಟ್ಟುಹೋಗುತ್ತದೆ.

ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂದು 1969ರ ಕಾನೂನು ಹೇಳುತ್ತದೆ. ಆಗ ಹೆಸರು ನಿಶ್ಚಯವಾಗಿರದಿದ್ದರೂ ಅಡ್ಡಿಯಿಲ್ಲ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ 15 ವರ್ಷಗಳವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಏಳನೇ ದಿನ ಅಕೀಕಾ ಮಾಡಿ ಹೆಸರಿಡುವವರಿಗೆ ಮೊದಲ ಗಡುವೇ ಧಾರಾಳ ಸಾಕು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ವಿವಾಹ ನೋಂದಣಿ ಮುಂತಾದವಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಒಂದಕ್ಷರ ತಪ್ಪಿದರೂ ಮುಂದೆ ಅಲೆಯಬೇಕಾದವರು ನೀವೇ.

ನನ್ನಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗಿಯ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಶಾಲೆಯಲ್ಲಿ ಒಂದು ಕಾಗುಣಿತ, ಆಧಾರ್‌ನಲ್ಲಿ ಇನ್ನೊಂದು. ಆ ವರ್ಷ ಅವಳಿಗೆ ವಿದ್ಯಾರ್ಥಿವೇತನ ಸಿಗಲಿಲ್ಲ. ಭಾಲ್ಕಿಗೂ ಬೀದರಿಗೂ ಬಸ್ಸಿನಲ್ಲಿ ಓಡಾಡಿ ಅವಳ ತಾಯಿ ಸುಸ್ತಾಗಿದ್ದರು. ಮುಂದೆ ಗಂಡು ಮಗು ಹುಟ್ಟಿದಾಗ ಆ ತಾಯಿ ನನ್ನ ಬಳಿ ಬಂದು ಒಂದು ಚೀಟಿಯಲ್ಲಿ ಅವನ ಹೆಸರನ್ನು ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆಸಿಕೊಂಡರು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ತಾಯಿ ಕಾರ್ಡಿನೊಳಗೆ ಇಟ್ಟುಕೊಂಡಿದ್ದಾರೆ.